ಕರಾವಳಿಯ ಪಾರ್ಕಿನ ಕರಿಹಕ್ಕಿಗಳ ಮುಂದೆ ಮರ್ಲಿನ್ ಆಪ್

ಮಿಂಚುಳ್ಳಿಗೆ ಹತ್ತಕ್ಕೆ ಒಂಬತ್ತು, ಕರಿಹಕ್ಕಿಗೆ ಹತ್ತಕ್ಕೆ ಐದು. ಹಕ್ಕಿಯ ಗುರುತು ಹೇಳುವ ಮರ್ಲಿನ್ ಬರ್ಡ್ ಐಡಿ ಆಪ್‌ಗೆ ಮಂಗಳೂರು, ಉಡುಪಿಯ ಪಾರ್ಕುಗಳಲ್ಲಿ ಕೊಡಬಹುದಾದ ಅಂಕ ಇಷ್ಟು. ಆ ಐದನ್ನು ಏಳೂವರೆ ಮಾಡಿಕೊಳ್ಳುವುದು ಬಳಸುವವರ ಕೈಯಲ್ಲೇ ಉಂಟು. ಹೇಗೆ ಎನ್ನುವುದೇ ಈ ವಿಮರ್ಶೆಯ ಬಹುಪಾಲು.

ಆಪ್ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿವಿಜ್ಞಾನ ಪ್ರಯೋಗಾಲಯದ್ದು. 2014ರಲ್ಲಿ ಬಂತು, ಕೂಗು ಕೇಳಿ ಹೆಸರು ಹೇಳುವ ಸೌಂಡ್ ಐಡಿ 2021ರಲ್ಲಿ ಸೇರಿಕೊಂಡಿತು. ಪೂರ್ತಿ ಪುಕ್ಕಟೆ. ನಡುವೆ ಜಾಹೀರಾತು ಬಂದು ಹಕ್ಕಿ ಹಾರಿಹೋಗುವವರೆಗೆ ಕಾಯಿಸುವ ಕಾಟವಿಲ್ಲ. ಹಕ್ಕಿಯ ಹೆಸರು ಕಂಡುಹಿಡಿಯಲು ಅದರಲ್ಲಿ ಮೂರು ದಾರಿ: ಪ್ರಶ್ನೆಗಳಿಗೆ ಉತ್ತರ ಕೊಡುತ್ತ ಹೋಗುವುದು, ಫೋಟೊ ಹಾಕುವುದು, ಕೂಗು ಕೇಳಿಸುವುದು. ಮೂರಕ್ಕೂ ಬೆನ್ನೆಲುಬು ಈಬರ್ಡ್ ಎಂಬ ದಾಖಲೆ ಭಂಡಾರ. ಲೋಕದ ಎಲ್ಲೆಡೆ ಹಕ್ಕಿ ನೋಡುವವರು ತಾವು ಕಂಡದ್ದನ್ನು ಊರು, ದಿನದ ಸಮೇತ 2002ರಲ್ಲಿ ಶುರುವಾದ ಅದರಲ್ಲಿ ದಾಖಲಿಸುತ್ತ ಬಂದಿದ್ದಾರೆ. ಜನವರಿಯಲ್ಲಿ ಮಂಗಳೂರಿನಲ್ಲಿ ಏನು ಸಿಗಬಹುದು, ಆಗಸ್ಟಿನಲ್ಲಿ ಏನು ಸಿಗಲಾರದು ಎಂದು ಆಪ್ ಊಹಿಸುವುದು ಆ ರಾಶಿಯನ್ನು ಇಟ್ಟುಕೊಂಡೇ.

ಹಾಗಾದರೆ ಕರಿಹಕ್ಕಿಯಲ್ಲಿ ಎಡವುವುದು ಯಾಕೆ? ನಮ್ಮೂರಲ್ಲಿ ಕಪ್ಪು ಎಂದೊಡನೆ ಸಾಲುಗಟ್ಟಿ ನಿಲ್ಲುವವರು ಒಬ್ಬಿಬ್ಬರಲ್ಲ. ಎರಡು ಬಗೆಯ ಕಾಗೆ, ಗಂಡು ಕೋಗಿಲೆ, ತುಳುವಿನಲ್ಲಿ ಕುಪ್ಪುಳು ಎನ್ನುವ ಕೆಂಬೂತ, ನಾಲ್ಕೈದು ಬಗೆಯ ಕಾಜಾಣ, ಗಂಡು ಮಡಿವಾಳ, ಕಾಡು ಗೊರವಂಕ, ಸಿಳ್ಳಾರ. ಇಷ್ಟು ಸಾಲದೆಂದು, ಬಿಸಿಲಿಗೆ ಬೆನ್ನು ಹಾಕಿ ಆಕಾಶದ ಎದುರು ಕೂತ ಯಾವ ಹಕ್ಕಿಯಾದರೂ ಕಪ್ಪೇ. ಮಿಂಚುಳ್ಳಿಯನ್ನು ಬಣ್ಣ ಹಿಡಿದುಕೊಡುತ್ತದೆ. ಇಲ್ಲಿ ಬಣ್ಣ ಏನನ್ನೂ ಹೇಳುವುದಿಲ್ಲ. ಹೇಳುವುದು ಬಾಲ, ಕೊಕ್ಕು, ಕಣ್ಣಿನ ಸುತ್ತ ಮತ್ತು ನಡಿಗೆ. ಆಪ್ ಕೇಳುವುದು ಮಾತ್ರ ಬಣ್ಣವನ್ನು.

ಹೆಸರಿನ ಗೋಜಲೊಂದು ಬೇರೆ. ಬ್ಲ್ಯಾಕ್‌ಬರ್ಡ್ ಎಂದು ಅಂತರ್ಜಾಲದಲ್ಲಿ ಹುಡುಕಿದರೆ ಮೊದಲು ಬರುವುದು ಯುರೋಪಿನ ಹಕ್ಕಿ. ಗಂಡು ಇದ್ದಿಲಿನಷ್ಟು ಕಪ್ಪು, ಕೊಕ್ಕು ಮತ್ತು ಕಣ್ಣಿನ ಬಳೆ ಹಳದಿ, ಹೆಣ್ಣು ಕಂದು. ಲಂಡನ್, ಬರ್ಲಿನ್‌ನ ಪಾರ್ಕುಗಳಲ್ಲಿ ಹುಲ್ಲಿನ ಮೇಲೆ ಎರೆಹುಳ ಎಳೆಯುತ್ತಿರುತ್ತದೆ, ಸ್ವೀಡನ್ ದೇಶದ ರಾಷ್ಟ್ರಪಕ್ಷಿಯೂ ಅದೇ. ಅಮೆರಿಕದಲ್ಲಿ ಬ್ಲ್ಯಾಕ್‌ಬರ್ಡ್ ಎಂದರೆ ಗ್ರ್ಯಾಕಲ್ ಮೊದಲಾದವುಗಳ ಇನ್ನೊಂದೇ ಕುಟುಂಬ. ಯುರೋಪಿನದಕ್ಕೂ ಅದಕ್ಕೂ ಹೆಸರು ಬಿಟ್ಟು ಬೇರೆ ನೆಂಟಸ್ತಿಕೆಯಿಲ್ಲ. ನಮ್ಮದು ಇಂಡಿಯನ್ ಬ್ಲ್ಯಾಕ್‌ಬರ್ಡ್, ಟರ್ಡಸ್ ಸಿಮಿಲಿಮಸ್. ಮುಂಚೆ ಯುರೋಪಿನದರ ಉಪಜಾತಿ ಎಂದೇ ಎಣಿಸುತ್ತಿದ್ದರು, ಈಗ ಬೇರೆ ಜಾತಿ. ಪಶ್ಚಿಮ ಘಟ್ಟದ ನಮ್ಮ ಭಾಗದಲ್ಲಿರುವ ಗಂಡು ಇದ್ದಿಲುಗಪ್ಪು ಅಲ್ಲವೇ ಅಲ್ಲ. ಸ್ಲೇಟಿನ ಬೂದುಗಂದು ಮೈ, ಅದರ ಮೇಲೆ ಟೊಪ್ಪಿ ಹಾಕಿದ ಹಾಗೆ ಕಪ್ಪು ನೆತ್ತಿ, ಕಿತ್ತಳೆಹಳದಿ ಕೊಕ್ಕು, ಕಣ್ಣಿನ ಸುತ್ತ ಹಳದಿ ಬಳೆ, ಹಳದಿ ಕಾಲು. ಯುರೋಪಿನ ಚಿತ್ರ ಮನಸ್ಸಿನಲ್ಲಿಟ್ಟುಕೊಂಡು ಹುಡುಕಿದವರಿಗೆ ಎದುರು ಬಂದು ಕೂತರೂ ಗುರುತು ಸಿಗುವುದಿಲ್ಲ.

ಇನ್ನೂ ಮುಖ್ಯವಾದ ಮಾತು: ಅದು ಘಟ್ಟದ ಹಕ್ಕಿ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟ, ಶೋಲಾ ಕಾಡುಗಳಲ್ಲಿ ಸುಲಭ. ಚಳಿಗಾಲದಲ್ಲಿ ಕೆಳಗೂ ದಕ್ಷಿಣಕ್ಕೂ ಹರಡಿಕೊಳ್ಳುತ್ತದೆ ನಿಜ. ಆದರೆ ಕರಾವಳಿಯ ಪೇಟೆ ಪಾರ್ಕಿನಲ್ಲಿ ದಿನಾ ಕಾಣುವ ಹಕ್ಕಿ ಅದಲ್ಲ. ಮಂಗಳೂರಿನ ಕದ್ರಿ ಪಾರ್ಕಿನಲ್ಲೋ ಉಡುಪಿಯ ಅಜ್ಜರಕಾಡಿನಲ್ಲೋ ಆಪ್ ಬ್ಲ್ಯಾಕ್‌ಬರ್ಡ್ ಎಂದರೆ ಅದನ್ನು ಮೊದಲ ಉತ್ತರವಾಗಿ ಒಪ್ಪಬೇಡಿ, ಕೊನೆಗೆ ಇಡಿ.

ಹಾಕಿಕೊಳ್ಳುವಾಗಲೇ ಆಗುವ ತಪ್ಪು

ಆಪ್ ಇಳಿಸಿಕೊಂಡರೆ ಕೆಲಸ ಮುಗಿಯಲಿಲ್ಲ. ಒಳಗೆ ಹೋಗಿ ನಮ್ಮ ಪ್ರದೇಶದ ಬರ್ಡ್ ಪ್ಯಾಕ್, ಅಂದರೆ ಆ ಪ್ರದೇಶದ ಹಕ್ಕಿಗಳ ಮಾಹಿತಿಯ ಕಟ್ಟು, ಬೇರೆಯಾಗಿ ಇಳಿಸಬೇಕು. ನೂರಾರು ಎಂಬಿ ಗಾತ್ರ, ಮನೆಯ ವೈಫೈಯಲ್ಲಿ ಮಾಡುವುದೇ ಸರಿ. ಪ್ಯಾಕ್ ಇಳಿದ ಮೇಲೆ ನೆಟ್‌ವರ್ಕ್ ಬೇಕೆಂದಿಲ್ಲ, ಧ್ವನಿ ಗುರುತಿಸುವ ಕೆಲಸವೂ ಫೋನಿನ ಒಳಗೇ ನಡೆಯುತ್ತದೆ. ಮಂಗಳೂರು ಬಳಿಯ ಪಿಲಿಕುಳ ನಿಸರ್ಗಧಾಮದ ಮರಗಳ ನಡುವೆ ಸಿಗ್ನಲ್ ಒಂದು ಕಡ್ಡಿಗೆ ಇಳಿದರೂ ಚಿಂತೆಯಿಲ್ಲ. ಕೆಲವರು ಬೇರೆ ದೇಶದ ಪ್ಯಾಕನ್ನೂ ಕುತೂಹಲಕ್ಕೆ ಇಳಿಸಿಟ್ಟುಕೊಳ್ಳುತ್ತಾರೆ. ಲೊಕೇಶನ್ ಅನುಮತಿಯನ್ನೂ ಕೊಡದೆ ಬಿಟ್ಟಿದ್ದರೆ ಮಣಿಪಾಲದ ಗೊರವಂಕಕ್ಕೆ ಯುರೋಪಿನ ಹೆಸರು ಬಂದರೆ ಆಶ್ಚರ್ಯವಿಲ್ಲ. ಅಂಥ ಪ್ಯಾಕ್ ತೆಗೆದುಹಾಕಿ, ಲೊಕೇಶನ್ ಆನ್ ಮಾಡಿ. ಎಕ್ಸ್‌ಪ್ಲೋರ್ ಬರ್ಡ್ಸ್ ಎಂಬಲ್ಲಿ ಹೋಗಿ ಇಂದಿನ ದಿನಕ್ಕೆ, ಈ ಊರಿಗೆ ಸಂಭವವಿರುವ ಹಕ್ಕಿಗಳನ್ನಷ್ಟೇ ಕಾಣುವಂತೆ ಪಟ್ಟಿ ಜೋಡಿಸಿ. ಆಪ್‌ನಲ್ಲಿ ಅತಿ ಕಡಿಮೆ ಜನ ತೆರೆಯುವ, ಅತಿ ಹೆಚ್ಚು ಉಪಯೋಗದ ಜಾಗ ಇದೇ. ಪಾರ್ಕಿಗೆ ಹೊರಡುವ ಮುಂಚೆ ಹತ್ತು ನಿಮಿಷ ಆ ಪಟ್ಟಿಯ ಮೊದಲ ಐವತ್ತು ಹಕ್ಕಿಗಳನ್ನು ನೋಡಿಕೊಂಡರೆ ಅರ್ಧ ಗುರುತಿಸುವಿಕೆ ಮನೆಯಲ್ಲೇ ಆದ ಹಾಗೆ.

ಹುಡುಕುವಾಗ ಇಂಗ್ಲಿಷ್ ಹೆಸರು ಹಾಕಿದರೆ ಬೇಗ ಸಿಗುತ್ತದೆ. ಕಾಜಾಣ ಡ್ರೊಂಗೊ, ಭೀಮರಾಜ ಗ್ರೇಟರ್ ರ್ಯಾಕೆಟ್‌ಟೇಲ್ಡ್ ಡ್ರೊಂಗೊ, ಮಡಿವಾಳ ಓರಿಯಂಟಲ್ ಮ್ಯಾಗ್‌ಪೈ ರಾಬಿನ್, ಕಾಡು ಗೊರವಂಕ ಜಂಗಲ್ ಮೈನಾ, ಕೆಂಬೂತ ಗ್ರೇಟರ್ ಕೌಕಲ್, ಸಿಳ್ಳಾರ ಮಲಬಾರ್ ವಿಸ್ಲಿಂಗ್ ಥ್ರಶ್.

ಐದು ಪ್ರಶ್ನೆ, ಎರಡು ಹೊಂಡ

ಮೊದಲ ದಾರಿಯಲ್ಲಿ ಆಪ್ ಕೇಳುವುದು ಐದು: ಎಲ್ಲಿ ನೋಡಿದಿರಿ, ಯಾವಾಗ, ಎಷ್ಟು ದೊಡ್ಡದು, ಯಾವ ಬಣ್ಣ, ಏನು ಮಾಡುತ್ತಿತ್ತು. ಮೊದಲೆರಡರಲ್ಲಿ ಯಾರೂ ಎಡವುವುದಿಲ್ಲ. ಹೊಂಡ ಇರುವುದು ಗಾತ್ರ ಮತ್ತು ಬಣ್ಣದಲ್ಲಿ.

ಗಾತ್ರಕ್ಕೆ ಆಪ್ ಕೊಡುವ ಅಳತೆಗೋಲು ಗುಬ್ಬಿ, ರಾಬಿನ್, ಕಾಗೆ, ಹೆಬ್ಬಾತು. ಗುಬ್ಬಿ, ಕಾಗೆ ಸರಿ. ಹೆಬ್ಬಾತನ್ನು ಬಿಡಿ. ರಾಬಿನ್ ಎಂದಾಗ ನಮ್ಮವರ ಕಣ್ಣಿಗೆ ಬರುವುದು ಅಂಗಳದ ಮಡಿವಾಳ, ಯಾಕೆಂದರೆ ಇಂಗ್ಲಿಷಿನಲ್ಲಿ ಅದಕ್ಕೂ ರಾಬಿನ್ ಎನ್ನುತ್ತಾರೆ. ಮಡಿವಾಳ ಸುಮಾರು 19 ಸೆಂಟಿಮೀಟರ್. ಆಪ್‌ನ ರಾಬಿನ್ ಅಮೆರಿಕದ್ದು, ಸುಮಾರು 25 ಸೆಂಟಿಮೀಟರ್, ಹೆಚ್ಚುಕಡಿಮೆ ನಮ್ಮ ಗೊರವಂಕದಷ್ಟು. ಮಡಿವಾಳನನ್ನು ನೋಡಿ ರಾಬಿನ್ ಗಾತ್ರ ಒತ್ತಿದರೆ ಸರಿಯಾದ ಉತ್ತರ ಪಟ್ಟಿಯಲ್ಲಿ ಕೆಳಗೆ ಜಾರುತ್ತದೆ. ಉಪಾಯ ಸುಲಭ: ಆಪ್‌ನಲ್ಲಿ ರಾಬಿನ್ ಎಂದು ಇರುವಲ್ಲೆಲ್ಲ ಗೊರವಂಕ ಎಂದು ಓದಿಕೊಳ್ಳಿ. ಮಡಿವಾಳನಿಗೆ ಗುಬ್ಬಿಗೂ ರಾಬಿನ್‌ಗೂ ನಡುವಿನದು, ಸಿಳ್ಳಾರಕ್ಕೆ ರಾಬಿನ್‌ನಷ್ಟು, ಕೋಗಿಲೆಗೆ ಕಾಗೆಯಷ್ಟು. ಕಾಜಾಣ ಬಾಲ ಸೇರಿ 28 ಸೆಂಟಿಮೀಟರ್ ಇದ್ದರೂ ಮೈ ತೆಳು, ರಾಬಿನ್‌ಗೂ ಕಾಗೆಗೂ ನಡುವೆ ಎಂದು ಒತ್ತಬೇಕಾದ್ದು ಬಾಲದಿಂದಾಗಿ.

ಬಣ್ಣ ಒಂಬತ್ತರಲ್ಲಿ ಮೂರರವರೆಗೆ ಆರಿಸಬಹುದು. ಬರೇ ಕಪ್ಪು ಒಂದನ್ನೇ ಒತ್ತಿ ಮುಂದೆ ಹೋಗುವುದೇ ದೊಡ್ಡ ತಪ್ಪು, ಎಲ್ಲರೂ ಮಾಡುವುದೂ ಅದನ್ನೇ. ಕಪ್ಪಿನ ಜೊತೆ ಇನ್ನೇನಾದರೂ ಕಾಣುತ್ತದೆಯೇ ಎಂದು ಹಕ್ಕಿ ಹಾರುವ ಮುಂಚೆ ನೋಡಬೇಕು. ರೆಕ್ಕೆಯಲ್ಲಿ ಉದ್ದದ ಬಿಳಿ ಪಟ್ಟಿ ಇದ್ದರೆ ಕಪ್ಪು, ಬಿಳಿ. ರೆಕ್ಕೆ ಇಟ್ಟಿಗೆಯ ಬಣ್ಣವಾದರೆ ಕಪ್ಪು, ಕೆಂಗಂದು; ಅದು ಕೆಂಬೂತ, ಅನುಮಾನವೇ ಬೇಡ. ಇಲ್ಲಿ ಆಪ್‌ನ ನಿಜವಾದ ಕೊರತೆಯೊಂದಿದೆ: ಅದು ಕೇಳುವುದು ಹಕ್ಕಿಯ ಮುಖ್ಯ ಬಣ್ಣ. ಕೊಕ್ಕಿನ ಬಣ್ಣ, ಬಾಲದ ಆಕಾರ ಹಾಕಲು ಜಾಗವೇ ಇಲ್ಲ. ಕರಿಹಕ್ಕಿಗಳಲ್ಲಿ ಇವೆರಡು ಗೊತ್ತಾದರೆ ಉಳಿದದ್ದು ಹೆಚ್ಚುಕಡಿಮೆ ಬೇಕಾಗುವುದೇ ಇಲ್ಲ! ಹಾಗಾಗಿ ಆಪ್ ಕೊಟ್ಟ ಪಟ್ಟಿಯನ್ನು ಇಳಿಸುತ್ತ ಹೋಗಿ ಆ ಎರಡನ್ನು ನೀವೇ ಚಿತ್ರಗಳ ಜೊತೆ ತಾಳೆ ನೋಡಬೇಕು. ಮೊದಲ ಹೆಸರನ್ನೇ ಒಪ್ಪಿ ಸೇವ್ ಒತ್ತುವವರಿಗೆ ಐದಕ್ಕಿಂತ ಹೆಚ್ಚು ಅಂಕದ ಆಪ್ ಸಿಗುವುದಿಲ್ಲ.

ಐದನೆಯ ಪ್ರಶ್ನೆ, ಹಕ್ಕಿ ಏನು ಮಾಡುತ್ತಿತ್ತು ಎನ್ನುವುದು, ಕರಿಹಕ್ಕಿಗಳ ಮಟ್ಟಿಗೆ ಚಿನ್ನ. ತಂತಿಯ ಮೇಲೆ ಕೂತು ಗಾಳಿಗೆ ಹಾರಿ ಹುಳ ಹಿಡಿದು ಅದೇ ಜಾಗಕ್ಕೆ ವಾಪಸ್ ಬರುವುದಾದರೆ ಕಾಜಾಣ. ಹುಲ್ಲಿನ ಮೇಲೆ ಹೆಜ್ಜೆ ಹಾಕಿ ನಡೆಯುವುದಾದರೆ ಗೊರವಂಕ. ನಾಲ್ಕು ಹೆಜ್ಜೆ ಓಡಿ, ತಟ್ಟನೆ ನಿಂತು, ತಲೆ ಓರೆ ಮಾಡಿ, ತರಗೆಲೆ ಮಗುಚಿ ಮತ್ತೆ ಓಡುವುದಾದರೆ ಸಿಳ್ಳಾರವೋ ಬ್ಲ್ಯಾಕ್‌ಬರ್ಡೋ ಇರಬಹುದು. ಗೋಳಿಮರದ ಒಳಗೆ ಹಣ್ಣು ನುಂಗುತ್ತ ಮೈ ತೋರಿಸದೆ ಕೂತಿದ್ದರೆ ಕೋಗಿಲೆ.

ಹತ್ತಿರದಿಂದ ನೋಡಿದರೆ

ಅತಿ ಹೆಚ್ಚು ಗೊಂದಲ ಆಗುವುದು ಗೊರವಂಕದಲ್ಲಿ. ಕೇಳಿದರೆ ನಗು ಬರಬಹುದು, ದಿನಾ ನೋಡುವ ಹಕ್ಕಿ. ಆದರೆ ಬ್ಲ್ಯಾಕ್‌ಬರ್ಡ್‌ನ ವಿವರಣೆ ಓದಿ ನೋಡಿ: ಕಡುಬಣ್ಣದ ಮೈ, ಕಪ್ಪು ತಲೆ, ಹಳದಿ ಕೊಕ್ಕು, ಕಣ್ಣಿನ ಹತ್ತಿರ ಹಳದಿ, ಹಳದಿ ಕಾಲು, ನೆಲದಲ್ಲಿ ಮೇಯುತ್ತದೆ. ಒಂದೊಂದೂ ಸಾಮಾನ್ಯ ಗೊರವಂಕಕ್ಕೂ ಹೊಂದುತ್ತದೆ. ಬೇರೆ ಮಾಡುವುದು ಹೀಗೆ. ಗೊರವಂಕದ ಕಣ್ಣಿನ ಹಿಂದೆ ಇರುವುದು ಬೋಳು ಚರ್ಮದ ಹಳದಿ ತೇಪೆ. ಬ್ಲ್ಯಾಕ್‌ಬರ್ಡ್‌ಗೆ ಬರೇ ಸಪೂರ ಬಳೆ. ಗೊರವಂಕ ಹಾರಿದ ಕೂಡಲೇ ರೆಕ್ಕೆಯಲ್ಲಿ ರೂಪಾಯಿ ನಾಣ್ಯದಂಥ ಬಿಳಿ ಮಚ್ಚೆ ತೆರೆದುಕೊಳ್ಳುತ್ತದೆ, ಬಾಲದ ತುದಿಯೂ ಬಿಳಿ. ಬ್ಲ್ಯಾಕ್‌ಬರ್ಡ್‌ನಲ್ಲಿ ಹಾರುವಾಗ ಎಲ್ಲೂ ಬಿಳಿ ಕಾಣುವುದಿಲ್ಲ. ಕಾಡು ಗೊರವಂಕ ಇನ್ನೂ ಮೋಸಗಾರ. ಅದಕ್ಕೆ ಕಣ್ಣಿನ ಹತ್ತಿರ ಹಳದಿ ಚರ್ಮವಿಲ್ಲ, ಮೈ ಬೂದು, ತಲೆ ಕಪ್ಪು. ಅದರ ಮೂಗಿನ ಮೇಲೆ ಎದ್ದು ನಿಂತ ಪುಕ್ಕದ ಜುಟ್ಟು ನೋಡಿ, ನಮ್ಮ ಕಡೆಯದಕ್ಕೆ ಕಣ್ಣು ನೀಲಿಬಿಳುಪು. ಜುಟ್ಟು ಕಂಡರೆ ಆಪ್ ಏನೇ ಹೇಳಲಿ, ಅದು ಕಾಡು ಗೊರವಂಕ. ಇದರ ಹಾರಾಟದಲ್ಲೂ ಬಿಳಿ ಮಚ್ಚೆ ಉಂಟು.

ಮಡಿವಾಳನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಎದ್ದ ಬಾಲ, ರೆಕ್ಕೆಯಲ್ಲಿ ಬಿಳಿ ಪಟ್ಟಿ, ಬಿಳಿ ಹೊಟ್ಟೆ. ಹೆಣ್ಣಿಗೆ ಕಪ್ಪಿನ ಜಾಗದಲ್ಲಿ ಬೂದು. ಆಪ್ ಇದರಲ್ಲಿ ತಪ್ಪುವುದು ಕಡಿಮೆ, ಬೆನ್ನು ಮಾತ್ರ ಕಾಣುವ ಫೋಟೊ ಹಾಕಿದಾಗ ಬಿಟ್ಟರೆ.

ಕಾಜಾಣಗಳದ್ದು ದೊಡ್ಡ ಸಂಸಾರ. ಗದ್ದೆ ಬದಿಯ ತಂತಿ, ದನದ ಬೆನ್ನು, ಬಯಲಿನ ಬೇಲಿ, ಇಲ್ಲೆಲ್ಲ ಕಾಣುವುದು ಕರಿ ಕಾಜಾಣ; ಬಾಲದ ಕವಲು ಆಳ, ಹತ್ತಿರದಿಂದ ನೋಡಿದರೆ ಬಾಯಿಯ ಮೂಲೆಯಲ್ಲಿ ಸಾಸಿವೆಯಷ್ಟು ಬಿಳಿ ಚುಕ್ಕಿ. ಚಳಿಗಾಲದಲ್ಲಿ ಮರಗಳ ಮೇಲ್ತುದಿಯಲ್ಲಿ ಕೂರುವ ಬೂದು ಕಾಜಾಣ ಬರುತ್ತದೆ. ಮೈ ಹೊಗೆಬಣ್ಣ, ಕಣ್ಣು ಕೆಂಡದಂತೆ ಕೆಂಪು. ಬೆಳಕು ಕಡಿಮೆಯಾದರೆ ಇವೆರಡನ್ನು ಫೋಟೊದಿಂದ ಬೇರೆ ಮಾಡುವುದು ಆಪ್‌ಗೂ ಕಷ್ಟ, ಮನುಷ್ಯರಿಗೂ ಕಷ್ಟ. ಆಗ ಜಾಗವನ್ನು ನಂಬಿ: ಬಯಲಾದರೆ ಕರಿ, ದಟ್ಟ ಮರವಾದರೆ ಬೂದು. ಕಂಚು ಕಾಜಾಣ ಇನ್ನೂ ಚಿಕ್ಕದು, ಕಾಡಿನ ಅಂಚಿನದು, ಬಿಸಿಲು ಬಿದ್ದಾಗ ಮೈ ನೀಲಿಹಸಿರಾಗಿ ಮಿನುಗುತ್ತದೆ. ಹೊಟ್ಟೆ ಬಿಳಿಯಾದರೆ ಬಿಳಿಹೊಟ್ಟೆ ಕಾಜಾಣ. ಭೀಮರಾಜನಿಗೆ ಎರಡು ಬಾಲದ ಗರಿ ತಂತಿಯಂತೆ ಇಳಿದು ತುದಿಯಲ್ಲಿ ಚಮಚದಂತೆ ಅಗಲವಾಗಿರುತ್ತದೆ. ಆದರೆ ಗರಿ ಉದುರಿಸುವ ಕಾಲದಲ್ಲಿ ಆ ಚಮಚಗಳು ಇರುವುದಿಲ್ಲ, ಒಂದೇ ಉಳಿದಿರುವುದೂ ಉಂಟು. ಆಗ ನೆತ್ತಿಯ ಮೇಲಿನ ಜುಟ್ಟನ್ನು ನೋಡಬೇಕು.

ಗಂಡು ಕೋಗಿಲೆ ಕಾಗೆಯಂತೆ ಕಂಡರೂ ಬಾಲ ಉದ್ದ, ಕೊಕ್ಕು ತಿಳಿಹಸಿರು, ಕಣ್ಣು ಕಡುಗೆಂಪು. ಹೆಣ್ಣು ಕಂದು ಮೈಯ ಮೇಲೆ ಬಿಳಿ ಚುಕ್ಕಿ, ಗೆರೆ. ಇದನ್ನು ಗಿಡುಗ ಎಂದುಕೊಳ್ಳುವವರೂ ಇದ್ದಾರೆ. ಕಾಗೆ ಅಟ್ಟಿಸಿಕೊಂಡು ಹೋಗುತ್ತಿರುವ ಕರಿಹಕ್ಕಿ ಕೋಗಿಲೆ ಆಗಿರುವ ಸಂಭವ ದೊಡ್ಡದು, ಕಾಗೆಯ ಗೂಡಿನಲ್ಲಿ ಮೊಟ್ಟೆ ಇಡುವ ಹಕ್ಕಿಗೆ ಕಾಗೆಯ ಕೈಯಲ್ಲಿ ಮರ್ಯಾದೆ ಸಿಗುವುದಾದರೂ ಹೇಗೆ?

ಸಿಳ್ಳಾರ ಕರಾವಳಿಯವರಿಗೆ ಬ್ಲ್ಯಾಕ್‌ಬರ್ಡ್‌ಗಿಂತ ಹತ್ತಿರದ ನೆಂಟ. ತೊರೆ, ತೋಡು, ನೀರಿರುವ ಕಲ್ಲುಗುಂಡಿ, ಅಡಿಕೆ ತೋಟದ ಬದಿ ಇದರ ಜಾಗ. ನೆರಳಿನಲ್ಲಿ ಪೂರ್ತಿ ಕಪ್ಪು, ಕೊಕ್ಕೂ ಕಪ್ಪು, ಕಾಲೂ ಕಪ್ಪು. ಬಿಸಿಲಿನ ಒಂದು ಕೋಲು ಬಿದ್ದರೆ ಹಣೆ ಮತ್ತು ಭುಜದಲ್ಲಿ ನೀಲಿ ಹೊಳೆಯುತ್ತದೆ. ಹಳದಿ ಕೊಕ್ಕಿಲ್ಲದ, ತೊರೆಯ ಬದಿಯ, ಬಾಲ ಬಿಚ್ಚಿ ಮುಚ್ಚುವ ಕಪ್ಪು ಹಕ್ಕಿಯನ್ನು ಬ್ಲ್ಯಾಕ್‌ಬರ್ಡ್ ಎಂದು ಬರೆದುಕೊಂಡವರು ಹೊಡೆದುಹಾಕಿ ಸಿಳ್ಳಾರ ಎಂದು ತಿದ್ದಿಕೊಳ್ಳಬಹುದು.

ಫೋಟೊ ಹಾಕುವಾಗ

ಫೋಟೊ ಐಡಿ ಸೋಲುವುದಕ್ಕೆ ಹೆಚ್ಚಿನ ಸಲ ಕಾರಣ ಕ್ಯಾಮೆರಾ. ಆಕಾಶದ ಎದುರು ಕೂತ ಹಕ್ಕಿಗೆ ಫೋನ್ ಹಿಡಿದರೆ ಫೋನು ಆಕಾಶದ ಬೆಳಕಿಗೆ ತನ್ನನ್ನು ಹೊಂದಿಸಿಕೊಳ್ಳುತ್ತದೆ, ಹಕ್ಕಿ ಬರೇ ನೆರಳಾಗುತ್ತದೆ. ಪರದೆಯಲ್ಲಿ ಹಕ್ಕಿಯ ಮೇಲೆ ಬೆರಳಿಟ್ಟು ಒತ್ತಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಮೇಲಕ್ಕೆ ಎಳೆಯಿರಿ. ಆಕಾಶ ಬೆಳ್ಳಗೆ ಸುಟ್ಟುಹೋದರೂ ಪರವಾಗಿಲ್ಲ, ಕಣ್ಣು ಮತ್ತು ಕೊಕ್ಕು ಕಾಣಬೇಕು. ಕ್ಯಾಮೆರಾ ಇರುವವರು ಬೆಳಕನ್ನು ಹೆಚ್ಚುಕಡಿಮೆ ಮಾಡುವ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಅನ್ನು ಆಕಾಶದ ಎದುರಾದರೆ +1ರಿಂದ +2ರವರೆಗೆ ಏರಿಸಬಹುದು. ಕಡುಹಸಿರಿನ ಮುಂದೆ ಕೂತ ಕರಿಹಕ್ಕಿಗೆ ಇದು ತಿರುಗುಮುರುಗು: ಕ್ಯಾಮೆರಾ ಕಪ್ಪನ್ನು ಬೂದು ಮಾಡಲು ಹೊರಡುತ್ತದೆ, ಅಲ್ಲಿ ಸ್ವಲ್ಪ ಇಳಿಸಬೇಕು. ಇಳಿಸದಿದ್ದರೆ ಕರಿ ಕಾಜಾಣ ಫೋಟೊದಲ್ಲಿ ಬೂದು ಕಾಜಾಣ ಆಗಿ ಬರುತ್ತದೆ, ಆಪ್ ನೋಡಿದ್ದನ್ನೇ ಹೇಳುತ್ತದೆ. ಆಪ್‌ನ ತಪ್ಪಲ್ಲ ಮಾರಾಯ್ರೆ.

ಫೋಟೊ ಹಾಕಿದ ಮೇಲೆ ಎರಡು ಬೆರಳಿನಿಂದ ಹಿಗ್ಗಿಸಿ ಹಕ್ಕಿ ಚೌಕ ತುಂಬುವಂತೆ ಮಾಡುವುದು ಕಡ್ಡಾಯ. ಚೌಕದಲ್ಲಿ ಮುಕ್ಕಾಲು ಪಾಲು ಎಲೆಯೇ ಇದ್ದರೆ ಉತ್ತರವೂ ಹಾಗೇ ಇರುತ್ತದೆ. ವಾಟ್ಸಾಪಿನಲ್ಲಿ ಬಂದ ಫೋಟೊ ಹಾಕುವವರು ನೆನಪಿಡಿ, ಅದರಲ್ಲಿ ತೆಗೆದ ಊರು, ದಿನದ ಮಾಹಿತಿ ಉಳಿದಿರುವುದಿಲ್ಲ. ಆಪ್ ಕೇಳಿದಾಗ ಕೈಯಾರೆ ತುಂಬಿಸಬೇಕು. ಇವತ್ತಿನ ದಿನ, ನಿಮ್ಮ ಮನೆಯ ಜಾಗ ತಾನಾಗಿ ತುಂಬಿಕೊಂಡರೆ ಮಡಿಕೇರಿಯಲ್ಲಿ ತೆಗೆದ ಬ್ಲ್ಯಾಕ್‌ಬರ್ಡ್ ಉಳ್ಳಾಲದ್ದಾಗಿ ಲೆಕ್ಕಕ್ಕೆ ಸೇರುತ್ತದೆ.

ಕೂಗು ಕೇಳಿಸುವಾಗ

ಆಪ್‌ನ ಅತಿ ಒಳ್ಳೆಯ ಭಾಗ ಇದು, ಅತಿ ಬೇಗ ನಂಬಿ ಕೆಡುವ ಭಾಗವೂ ಇದೇ. ರೆಕಾರ್ಡ್ ಒತ್ತಿದ ಕೂಡಲೇ ಪರದೆಯಲ್ಲಿ ಧ್ವನಿಯ ಚಿತ್ರ ಹರಿಯುತ್ತದೆ. ಮೇಲೆ ಇರುವುದು ಕೀರಲು ಧ್ವನಿ, ಕೆಳಗೆ ಇರುವುದು ಗಡಸು ಧ್ವನಿ, ಜೋರಾದಷ್ಟು ಗೆರೆ ದಟ್ಟ. ಗುರುತು ಸಿಕ್ಕ ಹಕ್ಕಿಗಳ ಹೆಸರು ಒಂದೊಂದಾಗಿ ಕೆಳಗೆ ಸೇರುತ್ತದೆ, ಮತ್ತೆ ಕೂಗಿದಾಗಲೆಲ್ಲ ಆ ಹೆಸರು ಹಳದಿಯಾಗಿ ಬೆಳಗುತ್ತದೆ. ಹೆಸರಿನ ಪಕ್ಕ ಕೆಂಪು ಚುಕ್ಕಿ ಇದ್ದರೆ ಆ ಜಾಗಕ್ಕೆ, ಆ ಕಾಲಕ್ಕೆ ಅದು ಅಪರೂಪ ಎಂದರ್ಥ. ಕಿತ್ತಳೆ ಅರ್ಧಚುಕ್ಕಿ ಇದ್ದರೆ ಕಡಿಮೆ ಸಿಗುವಂಥದ್ದು. ಈ ಚುಕ್ಕಿಗಳನ್ನು ಸಂಭ್ರಮಕ್ಕೆ ಕಾರಣ ಎಂದುಕೊಳ್ಳುವವರು ಹೆಚ್ಚು. ಅವು ಎಚ್ಚರಿಕೆಗೆ ಇಟ್ಟವು.

ಒಮ್ಮೆ ಮಾತ್ರ ಬೆಳಗಿದ ಹೆಸರನ್ನು ನಂಬಬೇಡಿ. ಅದೇ ಮರದಿಂದ, ಅದೇ ಕೂಗಿಗೆ, ಮೂರು ನಾಲ್ಕು ಸಲ ಬೆಳಗಬೇಕು. ಆಮೇಲೂ ಹಕ್ಕಿಯನ್ನು ಕಣ್ಣಿನಿಂದ ನೋಡಿದರೇ ಲೆಕ್ಕ. ಇಷ್ಟು ಬಿಗಿ ಯಾಕೆಂದರೆ ಭೀಮರಾಜ ಇದ್ದಾನಲ್ಲ, ಅವನು ಊರಿನ ದೊಡ್ಡ ಅನುಕರಣಕಾರ. ಬೇರೆ ಹಕ್ಕಿಗಳ ಕೂಗನ್ನು, ಬೇಟೆಹಕ್ಕಿಗಳದ್ದನ್ನೂ ಸೇರಿಸಿ, ಒಂದರ ಹಿಂದೊಂದು ಬಿಡುತ್ತಾನೆ. ಒಂದೇ ಕೊಂಬೆಯಿಂದ ಎರಡು ನಿಮಿಷದಲ್ಲಿ ಆಪ್ ಐದಾರು ಹಕ್ಕಿಯ ಪಟ್ಟಿ ಮಾಡಿದರೆ, ಕೊಂಬೆಯ ಕಡೆ ದುರ್ಬೀನು ತಿರುಗಿಸಿ. ಉದ್ದ ಬಾಲದವನೊಬ್ಬನೇ ಕೂತಿರುವ ಸಂಭವವೇ ಹೆಚ್ಚು. ಪಾರ್ಕಿನಲ್ಲಿ ಇನ್ನೊಬ್ಬರು ಅದೇ ಆಪ್‌ನಿಂದ ಹಕ್ಕಿಯ ಕೂಗು ಪ್ಲೇ ಮಾಡುತ್ತಿದ್ದರೆ ನಿಮ್ಮ ಫೋನ್ ಅದನ್ನೂ ಹಕ್ಕಿ ಎಂದೇ ಬರೆದುಕೊಳ್ಳುತ್ತದೆ. ಹಾಗೆ ಪ್ಲೇ ಮಾಡುವುದೇ ತಪ್ಪು, ಗೂಡಿನ ಕಾಲದಲ್ಲಂತೂ. ಗಂಡು ಹಕ್ಕಿ ಮೊಟ್ಟೆ ಬಿಟ್ಟು ಇಲ್ಲದ ಎದುರಾಳಿಯನ್ನು ಹುಡುಕುತ್ತ ಅಲೆಯುತ್ತದೆ.

ಸದ್ದಿನ ವಿಷಯ. ತಣ್ಣೀರುಬಾವಿಯ ಟ್ರೀ ಪಾರ್ಕಿನಲ್ಲಿ ಅಲೆಯ ಮೊರೆತ ಚಿತ್ರದ ಕೆಳಭಾಗವನ್ನೆಲ್ಲ ಕಪ್ಪು ಮಾಡಿಬಿಡುತ್ತದೆ; ಕಡಲಿಗೆ ಬೆನ್ನು ಹಾಕಿ, ಮೈಯನ್ನೇ ಅಡ್ಡ ಮಾಡಿ ಫೋನ್ ಹಿಡಿದರೆ ಒಂದಷ್ಟು ಸುಧಾರಿಸುತ್ತದೆ. ಕದ್ರಿಯಲ್ಲಿ ಏಳೂವರೆ ದಾಟಿದರೆ ಹಾರ್ನ್ ಶುರು. ಮಳೆಗಾಲದಲ್ಲಿ ಕೊಡೆಯ ಕೆಳಗೆ ರೆಕಾರ್ಡ್ ಮಾಡಿ ಪ್ರಯೋಜನವಿಲ್ಲ, ಬಟ್ಟೆಗೆ ಹನಿ ಬಡಿಯುವ ಸದ್ದೇ ತುಂಬಿಕೊಳ್ಳುತ್ತದೆ. ಮಳೆ ಬಿಟ್ಟ ಹತ್ತು ನಿಮಿಷ ಹಿಡಿಯಬೇಕು, ಹಕ್ಕಿಗಳು ಹೊರಬರುವುದೂ ಆಗಲೇ. ಫೋನಿನ ಮೈಕು ಸಾಮಾನ್ಯವಾಗಿ ಕೆಳ ಅಂಚಿನಲ್ಲಿರುತ್ತದೆ, ಆ ಅಂಚು ಹಕ್ಕಿಯ ಕಡೆ ಇರಲಿ, ಬೆರಳು ಅದನ್ನು ಮುಚ್ಚದಿರಲಿ. ಪ್ಯಾಕಿನಲ್ಲಿರುವ ಎಲ್ಲ ಹಕ್ಕಿಗೂ ಧ್ವನಿ ಪತ್ತೆಯ ಸೌಲಭ್ಯವಿಲ್ಲ ಎನ್ನುವುದೂ ಗೊತ್ತಿರಲಿ: ಆಪ್ ಸುಮ್ಮನಿದೆ ಎಂದರೆ ಹಕ್ಕಿ ಇಲ್ಲ ಎಂದಲ್ಲ.

ಯಾವ ತಿಂಗಳು ಯಾವ ಕೂಗು ಎನ್ನುವ ಅಂದಾಜು ಇದ್ದರೆ ಆಪ್‌ನ ತಪ್ಪು ಬೇಗ ಹಿಡಿಯಬಹುದು. ಮಡಿವಾಳ ಬೇಸಿಗೆ ಹತ್ತಿರವಾದಂತೆ ಮನೆಯ ಆಂಟೆನಾ, ತೆಂಗಿನ ಗರಿಯ ತುದಿಯಲ್ಲಿ ಕೂತು ಬೆಳಕು ಹರಿಯುವ ಮುಂಚೆಯೇ ಹಾಡುತ್ತಾನೆ. ಕೋಗಿಲೆಯದ್ದು ಮಾರ್ಚಿನಿಂದ ಮಳೆಗಾಲದ ಒಳಗೂ. ಸಿಳ್ಳಾರದ ಸಿಳ್ಳು ಮುಂಗಾರಿನ ಸೂಚನೆ ಸಿಕ್ಕ ಮೇಲೆ. ದಾರಿಹೋಕ ಹುಡುಗನೊಬ್ಬ ರಾಗ ಮರೆತು ಶಿಳ್ಳೆ ಹಾಕುತ್ತಿರುವ ಹಾಗೆ, ಏರಿ ಇಳಿದು ಎಲ್ಲೋ ಅರ್ಧಕ್ಕೆ ನಿಲ್ಲುತ್ತದೆ. ಬ್ಲ್ಯಾಕ್‌ಬರ್ಡ್ ಹಾಡುವುದು ಮರಿ ಮಾಡುವ ಕಾಲದಲ್ಲಿ, ಘಟ್ಟದ ಮೇಲೆ. ಕರಾವಳಿಗೆ ಇಳಿದು ಬಂದರೆ ಅದು ಬರುವುದು ಚಳಿಗಾಲದಲ್ಲಿ, ಬಹುಪಾಲು ಬಾಯಿ ಮುಚ್ಚಿಕೊಂಡು. ಡಿಸೆಂಬರಿನ ಕದ್ರಿಯಲ್ಲಿ ಸೌಂಡ್ ಐಡಿ ಬ್ಲ್ಯಾಕ್‌ಬರ್ಡ್‌ನ ಪೂರ್ತಿ ಹಾಡು ಕೇಳಿಸಿತು ಎಂದರೆ ಮೊದಲು ಹುಡುಕಬೇಕಾದ್ದು ಅನುಕರಣಕಾರ ಭೀಮರಾಜನನ್ನು.

ಎಲ್ಲಿ ಪರೀಕ್ಷೆ ಮಾಡುವುದು

ಒಂದೇ ಕಡೆ ಹೆಚ್ಚು ಬಗೆಯ ಕರಿಹಕ್ಕಿ ಬೇಕಾದರೆ ಪಿಲಿಕುಳ: ಕಾಡು, ಕೆರೆ, ಬಯಲು ಒಟ್ಟಿಗೆ ಸಿಗುತ್ತದೆ. ಮಣಿಪಾಲದ ಮಣ್ಣಪಳ್ಳದಲ್ಲಿ ಕೆರೆಯ ಸುತ್ತಲಿನ ದಾರಿ ಕಾಜಾಣ, ಗೊರವಂಕ, ನೀರುಕಾಗೆಗೆ ಒಳ್ಳೆಯದು. ನೀರುಕಾಗೆಯೂ ಕಪ್ಪೇ ಎನ್ನುವುದನ್ನು ಮರೆಯದಿರಿ, ರೆಕ್ಕೆ ಹರಡಿ ಒಣಗಿಸಿಕೊಳ್ಳುವಾಗ ಅದನ್ನು ಯಾರೂ ತಪ್ಪಾಗಿ ಗುರುತಿಸುವುದಿಲ್ಲ. ಮಣಿಪಾಲದ್ದೇ ಎಂಡ್ ಪಾಯಿಂಟ್ ಎಂಬ ಎತ್ತರದ ಜಾಗದಿಂದ ಸ್ವರ್ಣಾ ನದಿಯ ಕಡೆ ನೋಡಿದರೆ ಹಕ್ಕಿ ಕಣ್ಣಿನ ಮಟ್ಟದಲ್ಲೋ ಕೆಳಗೋ ಹಾರುತ್ತದೆ, ಬೆನ್ನಿನ ಬಣ್ಣ ಕಾಣುತ್ತದೆ. ಕರಿಹಕ್ಕಿಗೆ ಇದಕ್ಕಿಂತ ದೊಡ್ಡ ಅನುಕೂಲವಿಲ್ಲ. ಕದ್ರಿ ಪಾರ್ಕ್, ಅಜ್ಜರಕಾಡು ಹೊಸಬರಿಗೆ ಸಾಕು.

ದುರ್ಬೀನು ಇಲ್ಲದೆ ಈ ಆಪ್ ಅರ್ಧ. 8×42 (ಎಂಟು ಪಟ್ಟು ಹಿಗ್ಗಿಸುವ, 42 ಮಿಲಿಮೀಟರ್ ಮುಂಗಾಜಿನದು) ಸಾಕು, 10×50 ಭಾರ, ಕೈ ನಡುಗಿದರೆ ಚಿತ್ರವೂ ಹೆಚ್ಚು ನಡುಗುತ್ತದೆ. 42 ಮಿಲಿಮೀಟರ್ ಗಾಜನ್ನು 8ರಿಂದ ಭಾಗಿಸಿದರೆ 5 ಮಿಲಿಮೀಟರ್‌ಗೆ ಸ್ವಲ್ಪ ಹೆಚ್ಚು ಅಗಲದ ಬೆಳಕು ಕಣ್ಣಿಗೆ ಬರುತ್ತದೆ, ಮುಂಜಾನೆಯ ಮಬ್ಬಿನಲ್ಲಿ ಕಪ್ಪು ಹಕ್ಕಿಯ ಕೊಕ್ಕಿನ ಬಣ್ಣ ಕಾಣಲು ಬೇಕಾದ್ದು ಅದೇ. ನಮ್ಮ ಹವೆಯಲ್ಲಿ ದುರ್ಬೀನಿನ ಶತ್ರು ಬೂಷ್ಟು. ಜೂನಿನಲ್ಲಿ ಕಪಾಟಿನಲ್ಲಿಟ್ಟು ಸೆಪ್ಟೆಂಬರಿನಲ್ಲಿ ತೆಗೆದರೆ ಗಾಜಿನ ಒಳಗೆ ಜೇಡರ ಬಲೆಯಂಥ ಎಳೆ ಹಬ್ಬಿರುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಹರಳಿನ ಬಣ್ಣ ಬದಲಾದಾಗ ಬಿಸಿಮಾಡಿ ಒಣಗಿಸಿ ಮತ್ತೆ ಹಾಕಿ. ಚರ್ಮದ ಚೀಲದಲ್ಲಿ ಮಾತ್ರ ಬೇಡ.

ಅಂಕಗಳ ಲೆಕ್ಕ ಬೇಕಾದವರಿಗೆ: ಸಂಭವದ ಪಟ್ಟಿಗೆ ಒಂಬತ್ತು, ಸೌಂಡ್ ಐಡಿಗೆ ಏಳು, ಫೋಟೊ ಐಡಿಗೆ ಒಳ್ಳೆಯ ಫೋಟೊ ಇದ್ದರೆ ಎಂಟು, ನೆರಳು ಫೋಟೊಗೆ ಮೂರು, ಐದು ಪ್ರಶ್ನೆಯ ದಾರಿಗೆ ಕರಿಹಕ್ಕಿಗಳ ಮಟ್ಟಿಗೆ ನಾಲ್ಕು.

ಇಷ್ಟೆಲ್ಲ ಆದ ಮೇಲೂ ಕರಾವಳಿಯ ಪಾರ್ಕಿನಲ್ಲಿ ನಿಜವಾಗಿಯೂ ಬ್ಲ್ಯಾಕ್‌ಬರ್ಡ್ ಸಿಕ್ಕಿತು ಎಂದುಕೊಳ್ಳಿ. ಮರ್ಲಿನ್‌ನಲ್ಲಿ ಸೇವ್ ಮಾಡಿ ಬಿಡಬೇಡಿ, ಈಬರ್ಡ್‌ನಲ್ಲಿ ಪೂರ್ತಿ ಪಟ್ಟಿಯಾಗಿ ಹಾಕಿ. ಆ ಜಾಗಕ್ಕೆ ಅಪರೂಪದ ದಾಖಲೆಯಾದರೆ ಅದು ವಿವರ ಕೇಳುತ್ತದೆ, ಪರಿಶೀಲಿಸುವ ಸ್ವಯಂಸೇವಕರೂ ಕೇಳಬಹುದು. ಅಲ್ಲಿ "ಮರ್ಲಿನ್ ಹೇಳಿತು" ಎಂದು ಬರೆದರೆ ನಿಲ್ಲುವುದಿಲ್ಲ. ನೆತ್ತಿ ಮೈಗಿಂತ ಕಪ್ಪಾಗಿತ್ತು, ಕೊಕ್ಕು ಬುಡದಿಂದ ತುದಿಯವರೆಗೆ ಕಿತ್ತಳೆಹಳದಿ, ಕಣ್ಣಿನ ಸುತ್ತ ಬಳೆ ಇತ್ತು, ತೇಪೆ ಇರಲಿಲ್ಲ, ಹಾರಿದಾಗ ರೆಕ್ಕೆಯಲ್ಲಿ ಬಿಳಿ ಕಾಣಲಿಲ್ಲ, ತರಗೆಲೆಯ ಮೇಲೆ ಓಡಿ ಓಡಿ ನಿಲ್ಲುತ್ತಿತ್ತು. ಈ ಐದು ಸಾಲನ್ನು ಹಕ್ಕಿ ಎದುರಿಗಿರುವಾಗಲೇ ಬರೆದುಕೊಳ್ಳಿ, ಫೋನನ್ನು ಆಮೇಲೆ ತೆಗೆಯಿರಿ.